ಪ್ರಶ್ನೆ ಕೇಳದೆ ಜೊತೆಗಿರುವ ವಿದ್ಯೆ

ಮಗುವಿನ ಎದುರು ಅರ್ಧ ಗಂಟೆ ಒಂದೇ ಒಂದು ಪ್ರಶ್ನೆಯನ್ನೂ ಕೇಳದೆ ಕುಳಿತುಕೊಳ್ಳುವುದು ಮನೋವಿಜ್ಞಾನದ ಎಂ.ಎಸ್‌ಸಿ. ವಿದ್ಯಾರ್ಥಿಗಳಿಗೆ ಎಷ್ಟು ಕಷ್ಟವಾಗುತ್ತದೆ ಎಂಬುದನ್ನು ನಾನು ಪ್ರತಿ ವರ್ಷವೂ ನೋಡುತ್ತೇನೆ. ಸಿದ್ಧಾಂತದ ಪತ್ರಿಕೆಗಳಲ್ಲಿ ಒಳ್ಳೆಯ ಅಂಕ ತೆಗೆದವರು, ಮಕ್ಕಳ ಬುದ್ಧಿಯ ಬೆಳವಣಿಗೆಯ ಬಗ್ಗೆ ಪಿಯಾಜೆ ಹೇಳಿದ ಹಂತಗಳನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವವರು ಆಟದ ಕೋಣೆಗೆ ಬಂದು ಚಾಪೆಯ ಮೇಲೆ ಕುಳಿತ ಎರಡನೇ ನಿಮಿಷಕ್ಕೆ "ಇದು ಯಾವ ಬಣ್ಣ ಪುಟ್ಟಾ?" ಎಂದು ಕೇಳಿಬಿಡುತ್ತಾರೆ. ಅದರ ಹಿಂದೆಯೇ "ವೆರಿ ಗುಡ್" ಬರುತ್ತದೆ. ಅದರ ಹಿಂದೆ "ಹಾಗಲ್ಲ ಕಂದಾ, ಚಕ್ರವನ್ನು ಹೀಗೆ ಸಿಕ್ಕಿಸಬೇಕು" ಬರುತ್ತದೆ. ಎಲ್ಲವೂ ಪ್ರೀತಿಯಿಂದಲೇ ಬಂದ ಮಾತು. ಮಕ್ಕಳ ಎದುರು ಕುಳಿತ ದೊಡ್ಡವರು ಏನಾದರೂ ಕಲಿಸಲೇಬೇಕು, ಇಲ್ಲವಾದರೆ ಹೊತ್ತು ಹಾಳಾಯಿತು ಎಂಬ ನಂಬಿಕೆಯಲ್ಲಿ ಬೆಳೆದವರು ನಾವೆಲ್ಲ. ನಾಲ್ಕು ವರ್ಷದ ಮಗು ಗೊಂಬೆಯನ್ನು ಮರಳಿನಲ್ಲಿ ಹೂತು, ಮತ್ತೆ ತೆಗೆದು, ಮತ್ತೆ ಹೂಳುತ್ತಿದ್ದರೆ ಪಕ್ಕದಲ್ಲಿ ಕುಳಿತು ಅದನ್ನು ಪೂರ್ತಿಯಾಗಿ ನೋಡುವುದೇ ಒಂದು ಕೆಲಸ ಎಂದು ನಮಗೆ ಯಾರೂ ಹೇಳಿಕೊಟ್ಟಿಲ್ಲ.

ಅದನ್ನು ಹೇಳಿಕೊಡುವುದಕ್ಕೇ ತನ್ನ ಅಧ್ಯಾಪನದ ಬಹುಭಾಗವನ್ನು ಕೊಟ್ಟ ಪ್ರಾಧ್ಯಾಪಕರೊಬ್ಬರ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಅವರ ಹೆಸರು ಗ್ಯಾರಿ ಲ್ಯಾಂಡ್ರೆತ್. ಅಮೆರಿಕದ ಟೆಕ್ಸಾಸ್ ರಾಜ್ಯದ ಡೆಂಟನ್ ಎಂಬ ಊರಿನ ನಾರ್ತ್ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಆಪ್ತಸಮಾಲೋಚನೆಯ ವಿಭಾಗದಲ್ಲಿ ದಶಕಗಳ ಕಾಲ ಪಾಠ ಮಾಡಿದವರು, ಅಲ್ಲಿನ ರೀಜೆಂಟ್ಸ್ ಪ್ರೊಫೆಸರ್ ಎಂಬ ಉನ್ನತ ಸ್ಥಾನ ಪಡೆದವರು. 1988ರಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ಪ್ಲೇ ಥೆರಪಿಗೆಂದೇ, ಅಂದರೆ ಆಟದ ಮೂಲಕ ಮಗುವಿನ ಮನಸ್ಸಿಗೆ ಚಿಕಿತ್ಸೆ ಕೊಡುವ ಪದ್ಧತಿಗೆಂದೇ, ಒಂದು ಕೇಂದ್ರವನ್ನು ಸ್ಥಾಪಿಸಿದರು. ನಮ್ಮಲ್ಲಿ ಮಕ್ಕಳ ಜೊತೆ ಕೆಲಸ ಮಾಡುವವರಿಗೂ ಅವರ ಹೆಸರು ಅಷ್ಟಾಗಿ ಗೊತ್ತಿಲ್ಲ. ಆದರೆ ಅವರ ವಾಕ್ಯಗಳು ಗೊತ್ತಿವೆ. ಆಟಿಕೆಗಳು ಮಗುವಿನ ಮಾತುಗಳು, ಆಟ ಮಗುವಿನ ಭಾಷೆ ಎಂಬ ಮಾತು ಕ್ಲಿನಿಕ್ಕುಗಳ ಗೋಡೆಗಳ ಮೇಲೆ, ತರಬೇತಿಗಳ ಮೊದಲ ಸ್ಲೈಡಿನಲ್ಲಿ ಎಲ್ಲೆಡೆ ಕಾಣುತ್ತದೆ. ಆ ಮಾತನ್ನು ಜಗತ್ತಿನ ತರಗತಿಗಳಿಗೆಲ್ಲ ಮುಟ್ಟಿಸಿದವರಲ್ಲಿ ಅವರು ಮುಖ್ಯರು.

ಅವರಿಗಿಂತ ಮೊದಲು ಈ ದಾರಿಯಲ್ಲಿ ನಡೆದವರು ಅನೇಕರು. 1909ರಲ್ಲಿ ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ ಪ್ರಕಟಿಸಿದ, ಪುಟ್ಟ ಹಾನ್ಸ್ ಎಂಬ ಹುಡುಗನ ಪ್ರಕರಣದಲ್ಲಿ ಚಿಕಿತ್ಸೆ ನಡೆದದ್ದು ಬಹುಪಾಲು ಹುಡುಗನ ತಂದೆಯ ಮೂಲಕ. ಫ್ರಾಯ್ಡ್ ಕೊಟ್ಟದ್ದು ಸಲಹೆ. ಮುಂದೆ ಮಕ್ಕಳ ಮನೋವಿಶ್ಲೇಷಕಿ ಮೆಲನಿ ಕ್ಲೈನ್ ಮಗುವಿನ ಆಟದಲ್ಲಿ ಅಡಗಿದ ಅರ್ಥವನ್ನು ಮಗುವಿಗೇ ಬಿಡಿಸಿ ಹೇಳುತ್ತಿದ್ದರು. ಫ್ರಾಯ್ಡರ ಮಗಳು ಆನಾ ಫ್ರಾಯ್ಡ್ ಮಗುವಿನ ವಿಶ್ವಾಸ ಗಳಿಸಲು ಆಟವನ್ನು ಬಳಸಿದರು. ಇಬ್ಬರಲ್ಲೂ ಕೊನೆಗೆ ಅರ್ಥ ತಿಳಿದವರು ದೊಡ್ಡವರೇ. ಇದನ್ನು ಬುಡಮೇಲು ಮಾಡಿದವರು ವರ್ಜೀನಿಯಾ ಆಕ್ಸ್‌ಲೈನ್. ಆಕೆ ಕಲಿತದ್ದು ಮನೋವಿಜ್ಞಾನಿ ಕಾರ್ಲ್ ರೋಜರ್ಸ್ ಅವರ ಬಳಿ. ರೋಜರ್ಸ್ ಅಮೆರಿಕದ ರಾಚೆಸ್ಟರಿನಲ್ಲಿ ಹನ್ನೆರಡು ವರ್ಷ ತೊಂದರೆಯಲ್ಲಿದ್ದ ಮಕ್ಕಳ ಜೊತೆ ಕೆಲಸ ಮಾಡಿ, 1940ರಲ್ಲಿ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಬಂದವರು. ನೆರವು ಕೇಳಿ ಬಂದವರ ಬದುಕಿನ ಬಗ್ಗೆ ಅವರಿಗೇ ಹೆಚ್ಚು ಗೊತ್ತು ಎಂಬ ರೋಜರ್ಸ್ ಅವರ ನಂಬಿಕೆಯನ್ನು ಆಕೆ ಐದು ವರ್ಷದ ಮಗುವಿಗೂ ಅನ್ವಯಿಸಿದರು. 1947ರಲ್ಲಿ ಎಂಟು ಸೂತ್ರಗಳನ್ನು ಮುಂದಿಟ್ಟರು: ಮಗುವನ್ನು ಇದ್ದ ಹಾಗೆ ಒಪ್ಪಿಕೋ, ಅದರ ಭಾವನೆಯನ್ನು ಗುರುತಿಸಿ ಅದಕ್ಕೇ ಮರಳಿಸು, ದಾರಿ ತೋರಿಸಬೇಡ, ಅವಸರ ಮಾಡಬೇಡ, ವಾಸ್ತವಕ್ಕೆ ಕಟ್ಟಿಹಾಕಲು ಬೇಕಾದಷ್ಟೇ ಮಿತಿಗಳನ್ನು ಹಾಕು, ಹೀಗೆ. ಆಕ್ಸ್‌ಲೈನ್ ತೀರಿಕೊಂಡದ್ದು 1988ರಲ್ಲಿ, ಡೆಂಟನ್ನಿನ ಕೇಂದ್ರ ಹುಟ್ಟಿದ ವರ್ಷದಲ್ಲೇ.

ಆಕ್ಸ್‌ಲೈನ್ ಅವರ ಬರಹವನ್ನು ಓದಿದವರಿಗೆ ಒಂದು ನಿರಾಶೆಯೂ ಆಗುತ್ತದೆ. ಇಷ್ಟು ಸಹನೆ, ಇಷ್ಟು ಸೂಕ್ಷ್ಮ ಕಿವಿ ಹುಟ್ಟಿನಿಂದ ಬಂದಿರಬೇಕು, ನಮ್ಮಂಥವರಿಗೆ ಇದು ದಕ್ಕುವುದಲ್ಲ ಎನ್ನಿಸುತ್ತದೆ. ಲ್ಯಾಂಡ್ರೆತ್ ಅವರ ಹಿರಿಮೆ ನನಗೆ ಕಾಣುವುದು ಇಲ್ಲಿಯೇ. ಅವರು ಹೊಸ ಸಿದ್ಧಾಂತವನ್ನೇನೂ ಕಟ್ಟಲಿಲ್ಲ. ಆಕ್ಸ್‌ಲೈನ್ ಅವರಲ್ಲಿ ಸ್ವಭಾವದಂತೆ ಕಾಣುತ್ತಿದ್ದದ್ದನ್ನು ಬಿಡಿಸಿ, ಒಂದೊಂದಾಗಿ ಅಭ್ಯಾಸ ಮಾಡಬಹುದಾದ ಕೌಶಲಗಳಾಗಿ ಜೋಡಿಸಿದರು. ಯಾವ ಮಾತು ಆಡಬೇಕು, ಯಾವುದನ್ನು ನುಂಗಿಕೊಳ್ಳಬೇಕು, ಎಲ್ಲಿ ಕುಳಿತುಕೊಳ್ಳಬೇಕು, ಮಗು ಕೋಣೆಯ ಆ ತುದಿಗೆ ಹೋದಾಗ ಮುಖವಷ್ಟನ್ನೇ ತಿರುಗಿಸದೆ ಇಡೀ ಮೈಯನ್ನು ಅದರ ಕಡೆ ಹೇಗೆ ತಿರುಗಿಸಬೇಕು ಎಂಬಲ್ಲಿಯವರೆಗೆ ಎಲ್ಲವನ್ನೂ 1991ರಲ್ಲಿ ಮೊದಲು ಪ್ರಕಟವಾದ ತಮ್ಮ ಪಠ್ಯಪುಸ್ತಕದಲ್ಲಿ ಬರೆದಿಟ್ಟರು. ವಿದ್ಯಾರ್ಥಿಗಳ ಸೆಷನ್‌ಗಳನ್ನು ರೆಕಾರ್ಡ್ ಮಾಡಿ, ಅವರ ಜೊತೆ ಕುಳಿತು ನೋಡಿ ತಿದ್ದುವ ಪದ್ಧತಿಯನ್ನು ತರಬೇತಿಯ ಬೆನ್ನೆಲುಬನ್ನಾಗಿ ಮಾಡಿದರು. ಪುಸ್ತಕ ಓದಿಸಿ ಪರೀಕ್ಷೆ ಬರೆಸಿದರೆ ಈ ವಿದ್ಯೆ ಬರುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಕೋಣೆಯಿಂದಲೇ ಶುರು ಮಾಡೋಣ. ಅವರ ಲೆಕ್ಕದಲ್ಲಿ 12 ಅಡಿ ಅಗಲ, 15 ಅಡಿ ಉದ್ದದ ಕೋಣೆ ಹದವಾದದ್ದು. ತುಂಬ ದೊಡ್ಡದಾದರೆ ಮಗು ದೂರದಲ್ಲೇ ಉಳಿದುಬಿಡುತ್ತದೆ, ನಾವು ಅದರ ಹಿಂದೆ ಹಿಂದೆ ಓಡಾಡಬೇಕಾಗುತ್ತದೆ. ಆಟಿಕೆಗಳು ಬಾಗಿಲಿಲ್ಲದ ಕಪಾಟಿನಲ್ಲಿ, ಮಗುವಿನ ಕೈಗೆಟುಕುವ ಎತ್ತರದಲ್ಲಿ, ಪ್ರತಿ ಸಲವೂ ಅದೇ ಜಾಗದಲ್ಲಿ ಇರಬೇಕು. ಮನೆಯಲ್ಲಿ ಯಾವಾಗ ಜಗಳ ಶುರುವಾಗುತ್ತದೋ ತಿಳಿಯದ ಮಗುವಿಗೆ ಕಳೆದ ವಾರ ಇಟ್ಟ ಮೊಸಳೆ ಈ ವಾರವೂ ಅಲ್ಲೇ ಸಿಗುವುದು ಸಣ್ಣ ಸಂಗತಿಯಲ್ಲ. ಕಂಡ ಕಂಡ ಆಟಿಕೆಗಳನ್ನು ಗುಡ್ಡೆ ಹಾಕುವುದಕ್ಕೆ ಅವರ ವಿರೋಧವಿದೆ. ಪ್ರತಿಯೊಂದನ್ನೂ ಒಂದು ಕಾರಣಕ್ಕಾಗಿ ಆರಿಸಬೇಕು. ಅವರು ಮಾಡುವ ಮೂರು ಗುಂಪುಗಳು ಇವು: ನಿಜಜೀವನದ ಆಟಿಕೆಗಳು, ಸಿಟ್ಟನ್ನು ಹೊರಹಾಕಲು ನೆರವಾಗುವವು, ಸೃಷ್ಟಿಗೆ ಮತ್ತು ಭಾವನೆಯ ಬಿಡುಗಡೆಗೆ ಬೇಕಾದವು. ನಮ್ಮ ಕೋಣೆಯಲ್ಲಿ ಮೊದಲ ಗುಂಪಿಗೆ ಗೊಂಬೆಗಳ ಕುಟುಂಬ, ಅಡುಗೆ ಆಟದ ಪಾತ್ರೆಗಳು, ಆಟೋ, ಬಸ್ಸು, ಡಾಕ್ಟರ್ ಸೆಟ್ಟು ಸೇರುತ್ತವೆ. ಎರಡನೆಯದಕ್ಕೆ ಗುದ್ದಿದರೆ ಮತ್ತೆ ಎದ್ದು ನಿಲ್ಲುವ ಗಾಳಿಗೊಂಬೆ, ರಬ್ಬರ್ ಚಾಕು, ಆಟದ ಪಿಸ್ತೂಲು, ಕೈಕೋಳ, ಹಾವು. ಮೂರನೆಯದಕ್ಕೆ ಮರಳು, ಜೇಡಿಮಣ್ಣು, ಬಣ್ಣ, ಹಳೆಯ ಕಾಗದ. ಪಿಸ್ತೂಲು ಮತ್ತು ಚಾಕುವನ್ನು ನೋಡಿ ಹುಬ್ಬೇರಿಸದ ಪೋಷಕರಿಲ್ಲ. ಮಗುವಿನ ಒಳಗೆ ಇರುವ ಸಿಟ್ಟನ್ನು ನಾವು ತಂದಿಟ್ಟದ್ದಲ್ಲ, ಅದು ಹೊರಬರಲು ಒಂದು ಸುರಕ್ಷಿತ ಜಾಗ ಬೇಕು ಎಂದು ವಿವರಿಸಿದ ಮೇಲೂ ಕೆಲವರಿಗೆ ಸಮಾಧಾನವಾಗುವುದಿಲ್ಲ. ಅದೂ ಸಹಜ.

ಮೈಸೂರಿನ ಮಕ್ಕಳಲ್ಲಿ ನಾನು ಗಮನಿಸಿದ ಒಂದು ಸಂಗತಿಯನ್ನು ಇಲ್ಲಿ ಸೇರಿಸಬೇಕು. ಕೆಲವು ಮಕ್ಕಳು ಕಪಾಟಿನ ಮುಂದೆ ಕೈಕಟ್ಟಿ ನಿಂತು "ಮುಟ್ಟಬಹುದಾ ಮಿಸ್?" ಎಂದು ಕೇಳುತ್ತವೆ. ನವರಾತ್ರಿಯಲ್ಲಿ ಮನೆಯಲ್ಲಿ ಬೊಂಬೆ ಕೂರಿಸುವುದನ್ನು ನೋಡಿ ಬೆಳೆದ ಮಕ್ಕಳಿಗೆ ಸಾಲಾಗಿ ಜೋಡಿಸಿಟ್ಟ ಬೊಂಬೆಗಳೆಂದರೆ ದೂರದಿಂದ ನೋಡುವ ವಸ್ತುಗಳು. ಅವಕ್ಕೆ "ಈ ಕೋಣೆಯಲ್ಲಿ ಅದನ್ನು ನೀನೇ ತೀರ್ಮಾನಿಸಬಹುದು" ಎಂದು ಉತ್ತರಿಸಿದರೆ ತಬ್ಬಿಬ್ಬಾಗುತ್ತವೆ. ಹಿಂದೆ ತಿರುಗಿ ಬಾಗಿಲು ನೋಡುತ್ತವೆ, ಅಮ್ಮ ಏನು ಹೇಳುತ್ತಾಳೋ ಎಂದು. ಆ ತಬ್ಬಿಬ್ಬಿನ ನಿಮಿಷಗಳನ್ನು ತಾಳಿಕೊಳ್ಳಲು ವಿದ್ಯಾರ್ಥಿಗಳಿಗೆ ಕಲಿಸುವುದು ನನ್ನ ಕೆಲಸದ ದೊಡ್ಡ ಪಾಲು.

ಲ್ಯಾಂಡ್ರೆತ್ ಅವರ ಶಿಸ್ತಿನಲ್ಲಿ ಆಟಿಕೆಗೆ ಮಗು ಹೆಸರಿಡುವ ತನಕ ದೊಡ್ಡವರು ಹೆಸರಿಡುವಂತಿಲ್ಲ. ಮಗುವಿನ ಕೈಯಲ್ಲಿರುವ ಮರದ ತುಂಡು ಬಸ್ಸಾಗಿರಬಹುದು, ಮೊಬೈಲಾಗಿರಬಹುದು, ಆಸ್ಪತ್ರೆಯಿಂದ ಮನೆಗೆ ಬಾರದ ತಾತನೂ ಆಗಿರಬಹುದು. "ಓ, ಬಸ್ಸು ಹೊರಟಿತು!" ಎಂದು ನಾವು ಉತ್ಸಾಹದಿಂದ ಕೂಗಿದ ಕ್ಷಣ ತಾತನಿಗೆ ಅಲ್ಲಿ ಜಾಗ ಉಳಿಯುವುದಿಲ್ಲ, ಮಗು ನಮ್ಮ ಮನಸ್ಸು ನೋಯಿಸದೆ ಬಸ್ಸನ್ನೇ ಓಡಿಸುತ್ತದೆ. ಅದಕ್ಕೆ "ಅದನ್ನು ಅಲ್ಲಿಟ್ಟೆ", "ಈಗ ಅದರ ಮೇಲೆ ಬಟ್ಟೆ ಹೊದಿಸಿದೆ" ಎಂದು ಕಂಡದ್ದನ್ನು ಕಂಡಷ್ಟೇ ಹೇಳಬೇಕು. ಹೊಗಳಿಕೆಯ ವಿಷಯದಲ್ಲೂ ಅವರು ಕಟ್ಟುನಿಟ್ಟು. ಮಗು ಚಿತ್ರ ತೋರಿಸಿ "ಚೆನ್ನಾಗಿದೆಯಾ?" ಎಂದರೆ "ತುಂಬ ಹೊತ್ತು ಕುಳಿತು ಬರೆದೆ, ಈ ಮೂಲೆಯನ್ನೆಲ್ಲ ಕಪ್ಪು ಮಾಡಿದ್ದೀಯ" ಎನ್ನಬೇಕು. ಇವತ್ತು ಚೆನ್ನಾಗಿದೆ ಎಂದು ಹೊಗಳಿಸಿಕೊಂಡ ಮಗು ಮುಂದಿನ ವಾರ ಚೆನ್ನಾಗಿಲ್ಲದ್ದನ್ನು ಬರೆಯಲು ಹಿಂಜರಿಯುತ್ತದೆ. ನಮಗೆ ಬೇಕಾಗಿರುವುದು ಆ ಚೆನ್ನಾಗಿಲ್ಲದ ಚಿತ್ರವೇ.

ಕಾಗುಣಿತದ ವಿಷಯಕ್ಕೆ ಬಂದರಂತೂ ಶಾಲೆಗಳಲ್ಲಿ ಪಾಠ ಮಾಡಿ ಬಂದ ನನ್ನ ವಿದ್ಯಾರ್ಥಿಗಳಿಗೆ ಸಂಕಟವೇ ಆಗುತ್ತದೆ. ಆಟದ ಕೋಣೆಯ ಬೋರ್ಡಿನ ಮೇಲೆ ಬರೆಯುತ್ತಾ ಮಗು "ಅಕ್ಕ ಅನ್ನುವುದಕ್ಕೆ ಒತ್ತು ಹೇಗೆ ಹಾಕುವುದು?" ಎಂದು ಕೇಳಿದರೆ, "ಇಲ್ಲಿ ನಿನಗೆ ಬೇಕಾದ ಹಾಗೆ ಬರೆಯಬಹುದು" ಎನ್ನುವುದು ಲ್ಯಾಂಡ್ರೆತ್ ಕಲಿಸುವ ಉತ್ತರ. ತಪ್ಪು ಕಲಿತುಬಿಡುವುದಿಲ್ಲವೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಒತ್ತಕ್ಷರ ಕಲಿಸಲು ಶಾಲೆಯಿದೆ, ಮನೆಯಿದೆ, ಟ್ಯೂಷನ್ನಿದೆ. ತಪ್ಪಾದರೂ ಪರವಾಗಿಲ್ಲದ ಜಾಗ ವಾರಕ್ಕೆ ಅರ್ಧ ಗಂಟೆಯಷ್ಟಾದರೂ ಬೇಡವೇ? ಎಷ್ಟೋ ಮಕ್ಕಳಿಗೆ ಅಂಥ ಜಾಗ ಜಗತ್ತಿನಲ್ಲಿ ಬೇರೆ ಎಲ್ಲೂ ಇಲ್ಲ ಎಂಬುದನ್ನು ಈ ಕೆಲಸಕ್ಕೆ ಬಂದ ಮೇಲೆಯೇ ನಾನು ಅರಿತದ್ದು.

ಹಾಗೆಂದು ಮಗು ಏನು ಮಾಡಿದರೂ ನಡೆಯುತ್ತದೆ ಎಂದಲ್ಲ. ಆಟಿಕೆಗಳ ಜೊತೆ ಬಹಳಷ್ಟು ರೀತಿಯಲ್ಲಿ ಆಡಬಹುದು ಎಂದು ಅವರು ಮೊದಲ ದಿನ ಮಗುವಿಗೆ ಹೇಳುತ್ತಾರೆಯೇ ಹೊರತು ಮನಸ್ಸಿಗೆ ಬಂದದ್ದನ್ನೆಲ್ಲ ಮಾಡಬಹುದು ಎಂಬ ಮಾತು ಕೊಡುವುದಿಲ್ಲ. ನಿಯಮಗಳ ಪಟ್ಟಿಯನ್ನೂ ಓದುವುದಿಲ್ಲ. ಮಿತಿಯ ಅಗತ್ಯ ಬಂದಾಗ ಮಾತ್ರ ಮಿತಿ, ಅದೂ ಮೂರು ಹೆಜ್ಜೆಗಳಲ್ಲಿ. ಮಗು ಮರದ ಬಸ್ಸನ್ನೆತ್ತಿ ನಮ್ಮ ತಲೆಗೆ ಗುರಿಯಿಟ್ಟಿದೆ ಎನ್ನಿ. ಮೊದಲು ಭಾವನೆಯನ್ನು ಗುರುತಿಸಬೇಕು: "ನಿನಗೆ ನನ್ನ ಮೇಲೆ ತುಂಬ ಕೋಪ ಬಂದಿದೆ." ಆಮೇಲೆ ಮಿತಿ: "ನಾನಿರುವುದು ಹೊಡೆಸಿಕೊಳ್ಳುವುದಕ್ಕಲ್ಲ." ಕೊನೆಗೆ ಬದಲಿ ದಾರಿ: "ಆ ಗಾಳಿಗೊಂಬೆಯನ್ನು ನಾನು ಅಂದುಕೊಂಡು ಹೊಡೆಯಬಹುದು." ದನಿ ಏರಬಾರದು, ಉಪದೇಶ ಸೇರಬಾರದು. ಕೋಪ ಬಂದದ್ದು ತಪ್ಪಲ್ಲ, ಹೊಡೆಯುವುದು ಮಾತ್ರ ಆಗದು ಎಂಬುದು ಮಗುವಿಗೆ ಕೆಲವೇ ಸೆಕೆಂಡುಗಳಲ್ಲಿ ಮುಟ್ಟುತ್ತದೆ. ಕೈ ಇಳಿಸುವ ತೀರ್ಮಾನವನ್ನೂ ಅದೇ ತೆಗೆದುಕೊಳ್ಳುತ್ತದೆ. ನಾವು ಮನೆಗಳಲ್ಲಿ ಇದನ್ನು ತಲೆಕೆಳಗಾಗಿ ಮಾಡುತ್ತೇವೆ. ಮೊದಲು ಗದರಿಕೆ, ಆಮೇಲೆ ಗುಮ್ಮ ಅಥವಾ ಪೊಲೀಸ್, ಭಾವನೆಯ ಮಾತು ಬರುವುದೇ ಇಲ್ಲ.

ಗುಮ್ಮನ ಮಾತು ಬಂದದ್ದರಿಂದ ಹೇಳುತ್ತೇನೆ. ಇದೆಲ್ಲ ಪಶ್ಚಿಮದವರ ಮುದ್ದು, ನಮ್ಮ ಪದ್ಧತಿಯಲ್ಲ ಎನ್ನುವವರು ಚರಕ ಸಂಹಿತೆಯ ಶಾರೀರಸ್ಥಾನದ ಎಂಟನೇ ಅಧ್ಯಾಯವನ್ನು ನೋಡಬೇಕು. ಮಗುವಿನ ಆಟಿಕೆಗಳು ಬಣ್ಣಬಣ್ಣದವಾಗಿರಬೇಕು, ಸದ್ದು ಮಾಡಬೇಕು, ನೋಡಲು ಚೆಂದವಿರಬೇಕು, ಭಾರವಿರಬಾರದು, ಮೊನಚಿರಬಾರದು, ಬಾಯಿಯೊಳಗೆ ಹೋಗುವಂತಿರಬಾರದು, ಜೀವಕ್ಕೆ ಅಪಾಯ ತರಬಾರದು, ಹೆದರಿಸುವಂತಿರಬಾರದು ಎಂದು ಅಲ್ಲಿದೆ. ಅದರ ಬೆನ್ನಿಗೇ, ಮಗುವನ್ನು ಹೆದರಿಸುವುದು ಒಳ್ಳೆಯದಲ್ಲ, ಅಳುವಾಗ ಅಥವಾ ಊಟ ಮಾಡದಿದ್ದಾಗ ರಾಕ್ಷಸ, ಪಿಶಾಚಿ, ಪೂತನಿಯರ ಹೆಸರು ಹೇಳಿ ಬೆದರಿಸಬಾರದು ಎಂಬ ಮಾತೂ ಇದೆ. ನಿಮ್ಹಾನ್ಸ್‌ನಲ್ಲಿ ಕ್ಲಿನಿಕಲ್ ಸೈಕಾಲಜಿಯ ಪ್ರಾಧ್ಯಾಪಕಿಯಾಗಿದ್ದ ಮಾಳವಿಕಾ ಕಪೂರ್ ಅವರು ಪ್ರಾಚೀನ ವೈದ್ಯಗ್ರಂಥಗಳ ಶಿಶುಪಾಲನೆಯ ವಿಚಾರಗಳನ್ನು ಆಧುನಿಕ ವಿಕಾಸ ಮನೋವಿಜ್ಞಾನದ ಪಕ್ಕದಲ್ಲಿಟ್ಟು ಗಂಭೀರವಾಗಿ ಬರೆದಿದ್ದಾರೆ. ಅವರು ಪುತ್ತೂರಿನ ಬಾಲವನದಲ್ಲಿ ಮಕ್ಕಳಿಗೆ ಆಟ, ಕುಣಿತ, ಚಿತ್ರಗಳ ನಡುವೆ ಶಿಕ್ಷಣ ಕೊಡುವ ಪ್ರಯೋಗ ನಡೆಸಿದ ಶಿವರಾಮ ಕಾರಂತರ ಮಗಳು ಎಂಬುದನ್ನು ನೆನೆದಾಗ ನನಗೆ ಸಂತೋಷವಾಗುತ್ತದೆ. ಡೆಂಟನ್ನಿನಿಂದ ಕಲಿಯುವುದಕ್ಕೆ ನಾವು ಬರಿಗೈಯಲ್ಲಿ ಹೋಗಬೇಕಾಗಿಲ್ಲ.

ಲ್ಯಾಂಡ್ರೆತ್ ಅವರ ವೃತ್ತಿಜೀವನದಲ್ಲಿ ನನ್ನನ್ನು ಅತಿ ಹೆಚ್ಚು ತಟ್ಟಿದ್ದು ಅವರು ಈ ವಿದ್ಯೆಯನ್ನು ತಂದೆತಾಯಂದಿರ ಕೈಗೆ ಕೊಟ್ಟ ರೀತಿ. ಇದರ ಬೀಜ ಅವರದಲ್ಲ. 1964ರಲ್ಲಿ ಬರ್ನಾರ್ಡ್ ಗರ್ನಿ ತಂದೆತಾಯಂದಿರಿಗೇ ಆಟದ ಸೆಷನ್ ನಡೆಸಲು ಕಲಿಸುವ ಪದ್ಧತಿಯನ್ನು ಮುಂದಿಟ್ಟರು. ಅದನ್ನು ಬೆಳೆಸುವುದರಲ್ಲಿ ಪತ್ನಿ ಲೂಯಿಸ್ ಗರ್ನಿ ಅವರ ಪಾಲು ದೊಡ್ಡದು. ಆ ತರಬೇತಿ ದೀರ್ಘವಾಗಿತ್ತು, ತಿಂಗಳುಗಟ್ಟಲೆ ಬರಲು ಎಲ್ಲರಿಂದ ಆಗುತ್ತಿರಲಿಲ್ಲ. ಲ್ಯಾಂಡ್ರೆತ್ ಅದನ್ನು ಹತ್ತು ವಾರಗಳಿಗೆ ಇಳಿಸಿದರು. ಸಣ್ಣ ಗುಂಪಿನಲ್ಲಿ ಪೋಷಕರು ವಾರಕ್ಕೊಮ್ಮೆ ಸೇರುತ್ತಾರೆ. ಮನೆಯಲ್ಲಿ ಒಂದು ಪೆಟ್ಟಿಗೆಯಷ್ಟು ಆಟಿಕೆಗಳನ್ನು ಬೇರೆಯಾಗಿ ತೆಗೆದಿಟ್ಟು, ವಾರಕ್ಕೊಮ್ಮೆ ಒಂದು ಮಗುವಿನ ಜೊತೆ 30 ನಿಮಿಷ ಕುಳಿತುಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ಪ್ರಶ್ನೆಯಿಲ್ಲ, ಪಾಠವಿಲ್ಲ, ಫೋನಿಲ್ಲ. ವಿಡಿಯೋ ಮಾಡಿಕೊಂಡು ಬಂದು ಗುಂಪಿನಲ್ಲಿ ತೋರಿಸುತ್ತಾರೆ. ಸಹೋದ್ಯೋಗಿ ಸೂ ಬ್ರಾಟನ್ ಅವರ ಜೊತೆಗೂಡಿ 2006ರಲ್ಲಿ ಇದನ್ನು ಯಾರು ಬೇಕಾದರೂ ಅನುಸರಿಸಬಹುದಾದ ಕೈಪಿಡಿಯಾಗಿ ಪ್ರಕಟಿಸಿದರು. ಅವರೂ ಅವರ ವಿದ್ಯಾರ್ಥಿಗಳೂ ಈ ತರಬೇತಿಯನ್ನು ವಲಸೆ ಬಂದ ಚೀನೀ ಕುಟುಂಬಗಳಲ್ಲಿ, ಅಮೆರಿಕದ ಮೂಲನಿವಾಸಿಗಳಲ್ಲಿ, ಜೈಲಿನಲ್ಲಿದ್ದ ತಾಯಂದಿರು ಮತ್ತು ತಂದೆಯರಲ್ಲಿ ನಡೆಸಿ ಅಧ್ಯಯನಗಳನ್ನು ಪ್ರಕಟಿಸಿದರು. ಜೈಲಿನ ಕೈದಿಯೊಬ್ಬ ತನ್ನ ಮಗುವಿನ ಜೊತೆ ನೆಲದ ಮೇಲೆ ಕುಳಿತು, ಅದು ಗೊಂಬೆಗೆ ಊಟ ಮಾಡಿಸುವುದನ್ನು ನೋಡುತ್ತಾ "ಅವಳಿಗೆ ಹಸಿವಾಗಿದೆ ಅಂತ ನಿನಗೆ ಗೊತ್ತಾಯಿತು" ಎನ್ನಲು ಕಲಿಯುವುದನ್ನು ಊಹಿಸಿಕೊಳ್ಳಿ. ವಿಶ್ವವಿದ್ಯಾಲಯದ ಕೆಲಸ ಹೀಗೂ ಇರಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಇದೆಲ್ಲ ಫಲ ಕೊಡುತ್ತದೆಯೇ ಎಂಬ ಪ್ರಶ್ನೆ ನ್ಯಾಯವಾದದ್ದು. 2005ರಲ್ಲಿ ಬ್ರಾಟನ್ ಮತ್ತು ಸಂಗಡಿಗರು 1953ರಿಂದ 2000ದವರೆಗಿನ 93 ನಿಯಂತ್ರಿತ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಚಿಕಿತ್ಸೆಯ ಸರಾಸರಿ ಪರಿಣಾಮ 0.80 ಎಂದು ಬಂತು. ಈ ಬಗೆಯ ಅಳತೆಯಲ್ಲಿ ಅದು ದೊಡ್ಡ ಪರಿಣಾಮ. ತಂದೆತಾಯಂದಿರೇ ನಡೆಸಿದ ಸೆಷನ್‌ಗಳ ಫಲ ವೃತ್ತಿಪರರು ನಡೆಸಿದವಕ್ಕಿಂತ ಹೆಚ್ಚೇ ಇತ್ತು. ಆದರೆ ಈ ಅಧ್ಯಯನಗಳಲ್ಲಿ ಬಹಳಷ್ಟು ಸಣ್ಣ ಗುಂಪುಗಳ ಮೇಲೆ ನಡೆದವು, ಅನೇಕವು ಈ ಪದ್ಧತಿಯನ್ನು ನಂಬಿ ಕಲಿಸುವ ವಿಭಾಗಗಳಿಂದಲೇ ಬಂದವು. ಒಬ್ಬ ಗುರುವಿನ ಸುತ್ತ ಪಿಎಚ್‌.ಡಿ. ವಿದ್ಯಾರ್ಥಿಗಳ ಪರಂಪರೆ ಬೆಳೆದಾಗ ಜ್ಞಾನ ಬೇಗ ಬೆಳೆಯುತ್ತದೆ, ಹೊರಗಿನವರ ಅನುಮಾನದ ಕಣ್ಣು ಮಾತ್ರ ಕಡಿಮೆಯಾಗುತ್ತದೆ. ಈ ಕೊರತೆಯನ್ನು ತುಂಬಲು ನಮ್ಮ ವಿಶ್ವವಿದ್ಯಾಲಯಗಳೂ ಕೆಲಸ ಮಾಡಬೇಕು. ಕನ್ನಡದ ಮನೆಗಳಲ್ಲಿ, ಅಜ್ಜಿ ತಾತ ಇರುವ ಮನೆಗಳಲ್ಲಿ, ಒಂದೇ ಕೋಣೆಯಲ್ಲಿ ಐದು ಜನ ಇರುವ ಮನೆಗಳಲ್ಲಿ ಈ ಹತ್ತು ವಾರಗಳ ಪಾಠ ಹೇಗೆ ನಡೆಯುತ್ತದೆ ಎಂಬುದನ್ನು ಟೆಕ್ಸಾಸಿನವರು ನಮಗೆ ಹೇಳಲಾರರು.

ನಮಗೆ ಇದರ ತುರ್ತು ಇದೆ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಂದಿಗೆ ಮಾನಸಿಕ ತೊಂದರೆಗಳಿರುವುದು ಕಂಡುಬಂತು. ಅಷ್ಟು ಮಕ್ಕಳಿಗೆ ಸಾಕಾಗುವಷ್ಟು ತಜ್ಞರು ನಮ್ಮಲ್ಲಿಲ್ಲ, ಇರುವವರು ದೊಡ್ಡ ಊರುಗಳಲ್ಲಿದ್ದಾರೆ. ಚಾಮರಾಜನಗರದ ತಾಯಿ ಮಗುವನ್ನು ಕರೆದುಕೊಂಡು ಪ್ರತಿ ವಾರ ಬಸ್ಸು ಹತ್ತಿ ಬರಲಿ ಎಂದು ನಿರೀಕ್ಷಿಸುವುದು ಕ್ರೌರ್ಯ. ಇನ್ನೊಂದು ಕಡೆ, ನಗರಗಳಲ್ಲಿ ಪ್ಲೇ ಥೆರಪಿ ಎಂಬ ಬೋರ್ಡ್ ಹಾಕಿಕೊಂಡು, ಒಳಗೆ ಮಗುವಿಗೆ ಬಣ್ಣ ಗುರುತಿಸಲು, ಮಣಿ ಪೋಣಿಸಲು ಹೇಳುವ ಜಾಗಗಳು ಹೆಚ್ಚುತ್ತಿವೆ. ಮಣಿ ಪೋಣಿಸುವುದರಿಂದ ಬೆರಳುಗಳಿಗೆ ಪ್ರಯೋಜನವಿದೆ, ಖಂಡಿತ. ಆದರೆ ಮಗು ತನ್ನ ನೋವನ್ನು ತನ್ನ ವೇಗದಲ್ಲಿ ಆಡಿಕೊಳ್ಳುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಹಣ ಕಟ್ಟುವ ಪೋಷಕರಿಗೆ ಈ ವ್ಯತ್ಯಾಸ ತಿಳಿಯಬೇಕು.

ನಾವು ಕೆಲವರು ಸೇರಿ ಹತ್ತು ವಾರಗಳ ಪಾಠವನ್ನು ಕನ್ನಡದಲ್ಲಿ ನಡೆಸುತ್ತಿದ್ದೇವೆ. ಬರುವವರಲ್ಲಿ ತಾಯಂದಿರೇ ಹೆಚ್ಚು, ಜೊತೆಗೆ ಕೆಲವು ಅಜ್ಜಿಯರೂ ಇದ್ದಾರೆ. ಅಜ್ಜಿಯರು ಬಹುಬೇಗ ಕಲಿಯುತ್ತಾರೆ, ಅವರಿಗೆ ಅವಸರವಿಲ್ಲ. ತಂದೆಯಂದಿರನ್ನು ಕರೆತರುವುದು ಹರಸಾಹಸ. ಬಂದವರು ಮಾತ್ರ ಕೊನೆಯವರೆಗೂ ಉಳಿಯುತ್ತಾರೆ. ಮೊದಲ ವಾರದ ಮನೆಗೆಲಸವನ್ನು ಕೈಪಿಡಿಯಲ್ಲಿರುವಂತೆಯೇ ಉಳಿಸಿಕೊಂಡಿದ್ದೇವೆ: ನಿಮ್ಮ ಮಗುವಿನ ಮೈಯಲ್ಲಿ ಇದುವರೆಗೆ ನೀವು ಗಮನಿಸದ ಒಂದು ಗುರುತನ್ನು ಹುಡುಕಿಕೊಂಡು ಬನ್ನಿ. ಹಡೆದವಳಿಗೆ ಗೊತ್ತಿರದ ಗುರುತು ಯಾವುದಿದ್ದೀತು ಎಂದು ಮೊದಲ ದಿನ ವಾದಿಸುವ ತಾಯಂದಿರು ಮರುವಾರ ಬಂದು ಕಿವಿಯ ಹಿಂದಿನ ಮಚ್ಚೆಯನ್ನೋ, ಎಡಗೈ ಕಿರುಬೆರಳಿನ ಸಣ್ಣ ಬಾಗನ್ನೋ ಹೇಳುತ್ತಾರೆ. ಅದನ್ನು ಹುಡುಕಲು ಮಗುವನ್ನು ಎಷ್ಟು ಹೊತ್ತು ಸುಮ್ಮನೆ ನೋಡಬೇಕಾಯಿತು ಎಂದು ನಾವು ಕೇಳುತ್ತೇವೆ. ಎರಡನೇ ವಾರದ ಪಾಠ ಆ ಉತ್ತರದಿಂದ ಶುರುವಾಗುತ್ತದೆ.

ಮುಂದಿನ ಗುಂಪು ಜೂನ್‌ನಲ್ಲಿ, ಶಾಲೆಗಳು ತೆರೆದ ಮೇಲೆ, ಶನಿವಾರಗಳಂದು ನಡೆಯುತ್ತದೆ. ಈ ಸಲ ಅಂಗನವಾಡಿ ಕಾರ್ಯಕರ್ತೆಯರನ್ನೂ ಸೇರಿಸಿಕೊಳ್ಳಬೇಕೆಂದಿದ್ದೇವೆ. ಆಟಿಕೆಯ ಪೆಟ್ಟಿಗೆಗೆ ಏನೇನು ಬೇಕು, ಸಂತೆಯಲ್ಲಿ ಏನು ಸಿಗುತ್ತದೆ, ಮನೆಯಲ್ಲೇ ಏನು ಮಾಡಿಕೊಳ್ಳಬಹುದು ಎಂಬ ಪಟ್ಟಿಯನ್ನು ಮುಂದಿನ ಬರಹದಲ್ಲಿ ಹಾಕುತ್ತೇನೆ.